ಹೆಸರಿಟ್ಟರೆ ವಾದ ಮುಗಿಯಿತೆ?

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಗಾದೆಯ ಮೊದಲ ಅರ್ಧವನ್ನು ವೈದ್ಯರು ಪರೀಕ್ಷಿಸಲಿ. ಎರಡನೆಯ ಅರ್ಧವನ್ನು ಪರೀಕ್ಷಿಸಲು ತಕ್ಕ ಆಟವೊಂದು ಅಮೆರಿಕದಲ್ಲಿ ಹುಟ್ಟಿ ಈಗ ಲೋಕದ ನಾನಾ ಕಡೆಗಳಿಗೆ ಹಬ್ಬಿದೆ. ಅದು ಬಹುಮಟ್ಟಿಗೆ ಮಾತಿನಿಂದಲೇ ನಡೆಯುವ ಆಟ. ಅದನ್ನು ಆಡುವವರಲ್ಲಿ ಓದುಬರಹದ ಹವ್ಯಾಸವುಳ್ಳವರೂ ಮಾತು ಬಲ್ಲವರೂ ಹೇರಳವಾಗಿದ್ದಾರೆ. ಆದರೂ ಆ ಆಟವನ್ನು ಕುರಿತು ಅವರವರಲ್ಲಿಯೇ ನಡೆದುಬಂದಿರುವ ಜಗಳಕ್ಕೆ ಐವತ್ತು ವರ್ಷಗಳು ತುಂಬಿವೆ. ಆ ಜಗಳದಲ್ಲಿ ಹುಟ್ಟಿದ ಅಡ್ಡಹೆಸರುಗಳನ್ನೆಲ್ಲ ಕೂಡಿಸಿದರೆ ಒಂದು ಪುಟ್ಟ ನಿಘಂಟೇ ಆದೀತು. ಬೈಗುಳಗಳ ನಿಘಂಟನ್ನು ಓದುವುದರಿಂದ ಬರುವ ಪ್ರಯೋಜನವೇನೆಂದು ಓದುಗರು ಕೇಳಬಹುದು. ಮನುಷ್ಯರು ಹೆಸರಿಟ್ಟು ಒಬ್ಬರನ್ನೊಬ್ಬರು ದೂರಮಾಡುವ ಬಗೆ ಎಲ್ಲೆಡೆಯೂ ಒಂದೇ. ಈ ಮೇಜಿನ ಸುತ್ತ ಅದು ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೆ.

ಮೊದಲು ಆಟದ ಪರಿಚಯವಾಗಲಿ. ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವ ಎಂಬ ಊರಿನಲ್ಲಿದ್ದ ಗ್ಯಾರಿ ಗೈಗ್ಯಾಕ್ಸ್ ಮತ್ತು ನೆರೆಯ ಮಿನ್ನೆಸೋಟದ ಡೇವ್ ಆರ್ನೆಸನ್ ಎಂಬ ಇಬ್ಬರು ಗೆಳೆಯರು 1974ರಲ್ಲಿ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಹೆಸರಿನಲ್ಲಿ ಇದನ್ನು ಹೊರತಂದರು. ಒಂದು ಪೆಟ್ಟಿಗೆ, ಅದರೊಳಗೆ ಮೂರು ಪುಟ್ಟ ಪುಸ್ತಕಗಳು. ಮೊದಲ ಮುದ್ರಣದಲ್ಲಿ ಒಂದು ಸಾವಿರ ಪ್ರತಿಗಳು. ಆಡುವವರು ನಾಲ್ಕೈದು ಮಂದಿ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬನು ಸೂತ್ರಧಾರ. ಕಾಡು, ಕೋಟೆ, ನೆಲಮಾಳಿಗೆ, ಅಲ್ಲಿ ಅಡಗಿರುವ ರಕ್ಕಸ, ಇವುಗಳನ್ನು ಅವನು ಮಾತಿನಲ್ಲಿ ವರ್ಣಿಸುತ್ತಾನೆ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ಆ ಪಾತ್ರ ಏನು ಮಾಡುವುದೆಂದು ಹೇಳುತ್ತಾರೆ. ಮಾಡಿದುದು ಕೈಗೂಡಿತೋ ಇಲ್ಲವೋ ಎಂಬುದನ್ನು ನಾಲ್ಕು ಮುಖದಿಂದ ಇಪ್ಪತ್ತು ಮುಖದ ವರೆಗಿನ ದಾಳಗಳು ನಿರ್ಣಯಿಸುತ್ತವೆ. ಕರಾವಳಿಯ ತಾಳಮದ್ದಳೆಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಅಲ್ಲಿಯೂ ಅರ್ಥಧಾರಿಗಳು ವೇಷವಿಲ್ಲದೆ ಕುಳಿತು, ಬರೆದಿಟ್ಟ ಸಂಭಾಷಣೆಯಿಲ್ಲದೆ, ಪಾತ್ರವಾಗಿಯೇ ವಾದಿಸುತ್ತಾರೆ. ಆದರೆ ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಈ ಆಟದಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ.

ಜಗಳದ ಬೀಜವಿರುವುದು ಇನ್ನೊಂದು ವಿಶೇಷದಲ್ಲಿ. ಚದುರಂಗದಲ್ಲಿ ರಾಜನು ಸಿಕ್ಕಿಬಿದ್ದರೆ ಆಟ ಮುಗಿಯಿತು. ಗೆದ್ದವರು ಯಾರೆಂಬ ಬಗ್ಗೆ ವಿವಾದವಿಲ್ಲ. ಇಲ್ಲಿಯೋ, ಗೆಲ್ಲುವುದೆಂಬುದೇ ಇಲ್ಲ. ಹಾಗಾದರೆ ಆಡುವುದೇತಕ್ಕೆ? ಒಬ್ಬನಿಗೆ ಯುದ್ಧದ ಉಪಾಯಗಳನ್ನು ಹೂಡುವುದರಲ್ಲಿ ಆನಂದ. ಒಬ್ಬಳಿಗೆ ತಾನಲ್ಲದ ಇನ್ನೊಬ್ಬಳಾಗಿ ನಗುವುದರಲ್ಲಿ, ಅಳುವುದರಲ್ಲಿ ಆನಂದ. ಮತ್ತೊಬ್ಬನಿಗೆ ಬಲವನ್ನೂ ನಿಧಿಯನ್ನೂ ಕೂಡಿಹಾಕುವ ಹಂಬಲ. ಇನ್ನೊಬ್ಬನಿಗೆ ಒಳ್ಳೆಯ ಕಥೆಯೊಂದು ಕಣ್ಣೆದುರು ಬೆಳೆಯಬೇಕೆಂಬ ಆಸೆ. ಗ್ಲೆನ್ ಬ್ಲೇಕೋ ಎಂಬಾತ 1980ರಲ್ಲಿ 'ಡಿಫರೆಂಟ್ ವರ್ಲ್ಡ್ಸ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಆಟದ ಬಗೆಗಳನ್ನು ಹೆಚ್ಚುಕಡಿಮೆ ಹೀಗೆಯೇ ನಾಲ್ಕಾಗಿ ವಿಂಗಡಿಸಿದನು. ಒಂದೇ ಊಟದ ಮನೆಗೆ ನಾಲ್ವರು ನಾಲ್ಕು ಹಸಿವಿನಿಂದ ಬಂದಂತೆ. ಬಡಿಸಿದ್ದು ತನಗೆ ರುಚಿಸದಾಗ, ಪಕ್ಕದ ಎಲೆಯವನ ನಾಲಗೆಯೇ ಕೆಟ್ಟಿದೆಯೆಂದು ಹೇಳುವ ಚಪಲ ಹುಟ್ಟುತ್ತದೆ.

ಆ ಚಪಲದಿಂದ ಹುಟ್ಟಿದ ಹೆಸರುಗಳಲ್ಲಿ ಕೆಲವನ್ನು ನೋಡಬಹುದು. ಬಲವನ್ನು ಕೂಡಿಹಾಕುವವನಿಗೆ 'ಮಂಚ್‌ಕಿನ್' ಎಂದು ಹೆಸರು. ಫ್ರ್ಯಾಂಕ್ ಬಾಮ್ 1900ರಲ್ಲಿ ಬರೆದ ಆಜ್ ದೇಶದ ಮಾಂತ್ರಿಕನ ಕಥೆಯಲ್ಲಿ ಬರುವ ಕುಳ್ಳ ಜನರ ಹೆಸರಿದು. ಆಟದವರ ಬಾಯಲ್ಲಿ 'ಎಳೆಯ, ಅತಿಯಾಸೆಯವ' ಎಂಬ ಅರ್ಥಕ್ಕೆ ತಿರುಗಿತು. ನಿಯಮವನ್ನು ಎತ್ತಿ ತೋರಿಸುವವನು 'ನಿಯಮಗಳ ವಕೀಲ'. ಕೇಳಿದಷ್ಟು ನಿಧಿಯನ್ನು ಹಂಚುವ ಸೂತ್ರಧಾರನ ಆಟಕ್ಕೆ, ದೂರದರ್ಶನದಲ್ಲಿ ಬಹುಮಾನಗಳನ್ನು ಹಂಚುತ್ತಿದ್ದ ಮಾಂಟಿ ಹಾಲ್ ಎಂಬವರ ಹೆಸರನ್ನೇ ತಿರುಚಿ ಅಂಟಿಸಿದರು. ಎದುರು ಬಂದವರನ್ನೆಲ್ಲ ಕೊಲ್ಲುತ್ತ ಸಾಗುವ ಪಾತ್ರದವನು 'ಕೊಲೆಗಡುಕ ಅಲೆಮಾರಿ'. ಹಳೆಯ ಆಟವೇ ಚೆನ್ನೆಂದು ಗೊಣಗುವವನು 'ಗ್ರೋನ್ಯಾರ್'. ನೆಪೋಲಿಯನ್ನನ ಹಳೆಯ ಕಾವಲುಪಡೆಯ ಸಿಪಾಯಿಗಳಿಗೆ ಇದ್ದ ಅಡ್ಡಹೆಸರು ಇದು. ಗೊಣಗುವವರು ಎಂದೇ ಇದರ ಅರ್ಥ. ಎಲ್ಲಕ್ಕಿಂತ ಚತುರವಾದುದು ಒಂದು ಶ್ಲೇಷೆ. ಇಂಗ್ಲಿಷಿನಲ್ಲಿ ಪಾತ್ರವೂ 'ರೋಲ್', ದಾಳವನ್ನು ಉರುಳಿಸುವುದೂ 'ರೋಲ್'. ಬರಹ ಬೇರೆಯಾದರೂ ಉಚ್ಚಾರ ಒಂದೇ. ನಾವು ಪಾತ್ರದ ರೋಲಿನವರು, ಅವರು ಬರಿಯ ದಾಳದ ರೋಲಿನವರು ಎಂದು ಒಂದು ಪಕ್ಷದವರು ಹೇಳತೊಡಗಿದರು. ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ಒಂದೇ ಆಗಿಬಿಡುವುದು ಈ ಹಂಗಿಸುವ ಮಾತಿಗೆ ತಕ್ಕ ಉತ್ತರದಂತಿದೆ.

ಇವುಗಳಲ್ಲಿ ಯಾವುದೂ ಅಶ್ಲೀಲವಲ್ಲ. ಮನೆಯ ಮಕ್ಕಳ ಎದುರಿಗೂ ಆಡಬಹುದಾದ ಮಾತುಗಳೇ. ತೊಡಕಿರುವುದು ಒರಟುತನದಲ್ಲಲ್ಲ. ಒಂದೊಂದು ಮಾತಿನಲ್ಲೂ ವರ್ಣನೆಯೂ ತೀರ್ಪೂ ಒಟ್ಟಿಗೆ ಕಟ್ಟಿಬಂದಿವೆ. 'ಈತ ನಿಯಮವನ್ನು ನೆನಪಿಸಿದನು' ಎಂಬುದು ವರ್ಣನೆ. ನೆನಪಿಸಿದ್ದು ಸರಿಯೇ ತಪ್ಪೇ ಎಂಬುದನ್ನು ಆಮೇಲೆ ವಿಚಾರಿಸಬಹುದು. 'ಈತ ನಿಯಮಗಳ ವಕೀಲ' ಎಂದೊಡನೆ ವಿಚಾರಣೆಯೇ ಇಲ್ಲ. ಶಿಕ್ಷೆ ಮೊದಲು, ಆರೋಪ ಆಮೇಲೆ. ನಮ್ಮ ದೇಶದ ನ್ಯಾಯಶಾಸ್ತ್ರಕಾರರು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸಿದರು. ಸತ್ಯವನ್ನು ತಿಳಿಯಲು ನಡೆಸುವುದು ವಾದ. ಗೆಲ್ಲಲು ನಡೆಸುವುದು ಜಲ್ಪ. ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯದನ್ನು ಕೆಡಹುವುದಷ್ಟೇ ವಿತಂಡ. ಅಡ್ಡಹೆಸರು ವಿತಂಡದ ಅತಿ ಸಂಕ್ಷಿಪ್ತ ರೂಪ. ಒಂದೇ ಶಬ್ದದಲ್ಲಿ ಎದುರಾಳಿ ಕೆಳಗೆ ಬೀಳುತ್ತಾನೆ. ಹೇಳಿದವನು ತನ್ನ ಪಕ್ಷವೇನೆಂದು ತಿಳಿಸಬೇಕಾದ ಹೊಣೆಯಿಂದ ಪಾರಾಗುತ್ತಾನೆ.

ಇದರಿಂದ ಆಗುವ ನಷ್ಟವನ್ನು ಒಂದು ಕಲ್ಪಿತ ದೃಷ್ಟಾಂತದಿಂದ ತಿಳಿಯಬಹುದು. ಸಂಕೋಚ ಸ್ವಭಾವದ ತರುಣನೊಬ್ಬನು ಈ ಆಟಕ್ಕೆ ಹೊಸದಾಗಿ ಸೇರಿದನೆನ್ನೋಣ. ಅವನಿಗೆ ನಾಲ್ಕು ಜನರ ಎದುರು ಸರಸರನೆ ಮಾತಾಡಲು ಬಾರದು. ಮೇಜಿನ ಆಚೆ ಕುಳಿತಿರುವ ವಾಚಾಳಿಯೊಬ್ಬನು ಸೂತ್ರಧಾರನ ಮನವೊಲಿಸಿ ಕೋಟೆಯ ಬಾಗಿಲನ್ನು ಮಾತಿನಿಂದಲೇ ತೆರೆಸಿಕೊಳ್ಳುತ್ತಾನೆ. ಈ ತರುಣನಿಗೆ ಆ ಸಾಮರ್ಥ್ಯವಿಲ್ಲ. ಆದುದರಿಂದ ನಿಯಮಪುಸ್ತಕವನ್ನು ಮನೆಯಲ್ಲಿ ಓದಿ, ತನ್ನ ಪಾತ್ರಕ್ಕೆ ಎಷ್ಟು ಬಲ ಸಲ್ಲುತ್ತದೆಂದು ಲೆಕ್ಕ ಹಾಕಿಕೊಂಡು ಬರುತ್ತಾನೆ. ನಿಯಮವೂ ದಾಳವೂ ಮಾತು ಬಾರದವನಿಗೆ ಸಿಗುವ ಆಸರೆ. ಅವು ವಾಚಾಳಿಯನ್ನೂ ಸಂಕೋಚದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಅವನು ಮೆಲ್ಲನೆ, 'ಈ ನಿಯಮದಂತೆ ನನಗೂ ಒಂದು ಅವಕಾಶವಿದೆಯಲ್ಲವೆ?' ಎನ್ನುತ್ತಾನೆ. ಮೇಜಿನಿಂದ ಯಾರೋ 'ಮಂಚ್‌ಕಿನ್' ಎನ್ನುತ್ತಾರೆ, ಎಲ್ಲರೂ ನಗುತ್ತಾರೆ. ನಕ್ಕವರು ಕ್ರೂರಿಗಳೇನಲ್ಲ. ಆದರೆ ಮುಂದಿನ ಶನಿವಾರ ಆ ತರುಣನ ಕುರ್ಚಿ ಖಾಲಿ. ಅವನು ಕೇಳಿದ ಪ್ರಶ್ನೆ, ಮಾತಿನ ಆಟದಲ್ಲಿ ಮಾತು ಬಾರದವನಿಗೆ ಸ್ಥಾನವೇನು ಎಂಬ ನಿಜವಾದ ಪ್ರಶ್ನೆ, ಉತ್ತರವಿಲ್ಲದೆ ಉಳಿಯಿತು.

ಶಬ್ದಗಳು ನಿಂತಲ್ಲಿ ನಿಲ್ಲುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಇಂದು ವಯಸ್ಸಾದ ಆಟಗಾರರು ತಾವೇ ತಮ್ಮನ್ನು ಗ್ರೋನ್ಯಾರ್ ಎಂದು ಹೆಮ್ಮೆಯಿಂದ ಕರೆದುಕೊಳ್ಳುವುದುಂಟು. ಮಂಚ್‌ಕಿನ್ ಎಂಬ ಹೆಸರಿನ ಹಾಸ್ಯದ ಕಾರ್ಡಿನಾಟವೊಂದು 2001ರಲ್ಲಿ ಹೊರಬಂದು ಬಹು ಜನಪ್ರಿಯವಾಯಿತು. ಆಸೆಬುರುಕತನವೇ ಅದರ ವಿನೋದ. ಇದಕ್ಕೆ ವಿರುದ್ಧವಾದ ಚಲನೆಯೂ ಉಂಟು. ಆಟಗಳ ವಿಮರ್ಶಕರಾದ ರಾನ್ ಎಡ್ವರ್ಡ್ಸ್ 2002ರಲ್ಲಿ, ಡಂಜನ್ಸ್ ಅಂಡ್ ಡ್ರಾಗನ್ಸನ್ನು ಅತಿಯಾಗಿ ಪ್ರೀತಿಸಿ, ಅದರಂತೆಯೇ ಇನ್ನೊಂದನ್ನು ಸ್ವಂತ ಹಣದಿಂದ ಅಚ್ಚುಹಾಕಿಸಿ ಸೋತವರ ಆಟಗಳಿಗೆ 'ಎದೆಯೊಡೆಯುವ ಆಟಗಳು' ಎಂಬರ್ಥದ ಹೆಸರಿಟ್ಟರು. ಅಂಥ ಆಟಗಳಲ್ಲಿ ಹುದುಗಿದ್ದ ಒಂದೊಂದು ಹೊಸ ಕಲ್ಪನೆ ವ್ಯರ್ಥವಾಯಿತಲ್ಲ ಎಂಬ ಮರುಕ ಆ ಹೆಸರಿನಲ್ಲಿತ್ತು. ಬಳಸುವವರ ಬಾಯಲ್ಲಿ ಸವೆದು ಅದು 'ಹಳೆಯದರ ನಕಲು' ಎಂಬ ತಿರಸ್ಕಾರವಾಗಿಬಿಟ್ಟಿತು. ತಾನೇ ಇಟ್ಟುಕೊಂಡ ಅಡ್ಡಹೆಸರು ಆಭರಣ. ಅದೇ ಹೆಸರನ್ನು ಪರರು ಇಟ್ಟರೆ ಬರೆ. ಶಬ್ದವೊಂದೇ, ಆಡುವವರು ಯಾರು, ಆಡಿಸಿಕೊಳ್ಳುವವರು ಯಾರು ಎಂಬುದರ ಮೇಲೆ ಅದರ ಭಾರ.

ಬೈಗುಳಕ್ಕಿಂತ ಹೆಚ್ಚು ಭಾರದ ಮಾತುಗಳು ಗೌರವದ ವೇಷದಲ್ಲಿ ಬರುತ್ತವೆ. 'ನಿಜವಾದ' ಎಂಬ ವಿಶೇಷಣವನ್ನೇ ನೋಡಿರಿ. ನಾವು ಆಡುವುದು ನಿಜವಾದ ಆಟ ಎಂದರೆ ಯಾರನ್ನೂ ಬೈದಂತಾಗಲಿಲ್ಲ. ಆದರೆ ಉಳಿದವರೆಲ್ಲರೂ ಸುಳ್ಳು ಆಟದವರಾದರು. ಆಟವನ್ನು ಹುಟ್ಟಿಸಿದ ಗೈಗ್ಯಾಕ್ಸರಿಗೂ ಈ ಮೋಹ ತಪ್ಪಲಿಲ್ಲ. 1974ರ ಪುಸ್ತಕದ ಕೊನೆಯಲ್ಲಿ, ಮುಂದಿನದನ್ನು ಆಟಗಾರರು ತಾವೇ ಕಲ್ಪಿಸಿಕೊಳ್ಳಲಿ ಎಂಬ ಉದಾರ ಸೂಚನೆಯಿತ್ತು. 1978ರ ಹೊತ್ತಿಗೆ ಅವರು, ಆಟದ ಅಭಿಮಾನಿಗಳು ತಾವೇ ಬರೆದು ಹಂಚಿಕೊಳ್ಳುತ್ತಿದ್ದ ಪತ್ರಿಕೆಗಳನ್ನು ತಿರಸ್ಕಾರಕ್ಕೂ ಅರ್ಹವಲ್ಲವೆಂದು ತಮ್ಮ ಸಂಸ್ಥೆಯ ಪತ್ರಿಕೆಯಲ್ಲಿ ಹಳಿದರು. 1982ರಲ್ಲಿ, ತಮ್ಮ ನಿಯಮಗಳನ್ನು ಬದಲಿಸಿ ಆಡುವವರು ತಮ್ಮ ಆಟವನ್ನೇ ಆಡುತ್ತಿಲ್ಲವೆಂದು ಬರೆದರು. ತಮ್ಮ ಕೃತಿಯ ಮೇಲೆ ಹಿಡಿತವಿರಬೇಕೆಂಬ ಆಸೆ ಕರ್ತೃವಿಗೆ ಸಹಜವೇ. ಆದರೆ ಕಲ್ಪಿಸಿಕೊಳ್ಳಿರೆಂಬ ಕರೆಯನ್ನು ನಂಬಿ ಬಂದವರಿಗೆ ಎಂಟು ವರ್ಷಗಳಲ್ಲಿ ಬಾಗಿಲು ಮುಚ್ಚಿದಂತಾಯಿತು.

ಹೆಸರಿಡುವುದರ ನೋವನ್ನು ಈ ಆಟದವರು ಅರಿಯದವರಲ್ಲ. 1980ರ ದಶಕದಲ್ಲಿ ಅಮೆರಿಕದ ಕೆಲವು ಧಾರ್ಮಿಕ ಮನೋಭಾವದ ಜನರು ಇದು ಸೈತಾನನ ಪೂಜೆಯೆಂದೂ ಮಕ್ಕಳನ್ನು ಆತ್ಮಹತ್ಯೆಗೆ ಎಳೆಯುವುದೆಂದೂ ದೂರಿದರು. 1983ರಲ್ಲಿ ಅದಕ್ಕಾಗಿಯೇ ಒಂದು ಸಂಘವೂ ಹುಟ್ಟಿತು. ಆಟಕ್ಕೂ ಅಂಥ ದುರಂತಗಳಿಗೂ ಕಾರ್ಯಕಾರಣ ಸಂಬಂಧವನ್ನು ಯಾರೂ ತೋರಿಸಿಕೊಡಲಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಪುಸ್ತಕಗಳು ಕಸದ ಬುಟ್ಟಿಗೆ ಹೋದವು. ಹೊರಗಿನವರು ಹೆಸರಿಟ್ಟಾಗ ನೊಂದವರೇ ಒಳಗಿನವರಿಗೆ ಹೆಸರಿಡಲು ಹಿಂಜರಿಯಲಿಲ್ಲ. 2008ರಲ್ಲಿ ಆಟದ ನಾಲ್ಕನೆಯ ಆವೃತ್ತಿ ಬಂದಾಗ, ಇದು ಕಂಪ್ಯೂಟರಿನ ಆಟವೇ ಹೊರತು ನಿಜವಾದ ಆಟವಲ್ಲವೆಂದು ಹಲವರು ಹೇಳಿದರು. ಹಳೆಯ ಆವೃತ್ತಿಯ ಜಾಡಿನಲ್ಲಿಯೇ ರಚಿತವಾದ 'ಪಾತ್‌ಫೈಂಡರ್' ಎಂಬ ಇನ್ನೊಂದು ಆಟ 2009ರಲ್ಲಿ ಹೊರಟಿತು. ಈ ಕಲಹಗಳಿಗೆ 'ಆವೃತ್ತಿಗಳ ಸಮರ' ಎಂದೇ ಹೆಸರಾಯಿತು. ಸಮರವೆಂದು ಕರೆದ ಮೇಲೆ ಎದುರಿನವನು ಶತ್ರುವಲ್ಲದೆ ಮತ್ತೇನಾದಾನು?

ತೀಕ್ಷ್ಣವಾದ ಮಾತು ಆಡಿದವನಿಗೇ ಮುಳ್ಳಾಗುವುದಕ್ಕೆ ಒಂದು ಪ್ರಸಂಗವುಂಟು. ಇದೇ ರಾನ್ ಎಡ್ವರ್ಡ್ಸ್ 1999ರಿಂದ ಆಟದ ಉದ್ದೇಶಗಳನ್ನು ಕುರಿತು ಶಾಸ್ತ್ರೀಯವಾಗಿ ಬರೆಯುತ್ತ ಬಂದವರು. ಸ್ಪರ್ಧೆ, ಕಥೆ, ಯಥಾರ್ಥತೆ ಎಂಬ ಮೂರು ಗುರಿಗಳ ಅವರ ವಿಂಗಡಣೆಯನ್ನು ಬಹು ಮಂದಿ ಚರ್ಚಿಸಿದರು. 2006ರಲ್ಲಿ ಅವರು, ಹಿಂದಿನ ದಶಕದಲ್ಲಿ ಬಂದ ಕೆಲವು ಆಟಗಳು ಆಡಿದವರ ಮೆದುಳಿಗೇ ಹಾನಿಮಾಡಿವೆ, ಕಥೆಯನ್ನು ಗ್ರಹಿಸುವ ಶಕ್ತಿಯನ್ನು ಕುಂದಿಸಿವೆ ಎಂದರು; ಇದು ಅಲಂಕಾರದ ಮಾತಲ್ಲವೆಂದೂ ಹೇಳಿದರು. ಅವರು ಜೀವಶಾಸ್ತ್ರವನ್ನು ಓದಿದವರಾದುದರಿಂದ ಮಾತಿಗೆ ಇನ್ನಷ್ಟು ಭಾರ ಬಂದಿತು. ಕೋಲಾಹಲವೆದ್ದಿತು. ಆ ಮಾತಿನ ಹಿಂದೆ ವಿಚಾರಯೋಗ್ಯವಾದ ಪ್ರಶ್ನೆಯಿತ್ತು: ಕಥೆಯನ್ನು ನಾವೆಲ್ಲರೂ ಕೂಡಿ ಕಟ್ಟೋಣವೆಂದು ಹೇಳಿ, ಕಥೆಯನ್ನೆಲ್ಲ ಸೂತ್ರಧಾರನ ಕೈಯಲ್ಲೇ ಇಟ್ಟುಕೊಂಡರೆ ಆಡುವವರಿಗೆ ಏನಾಗುತ್ತದೆ? ಈ ಪ್ರಶ್ನೆಯನ್ನು ನೆನೆಯುವವರು ಇಂದು ಕೆಲವರು. ಮೆದುಳಿನ ಮಾತನ್ನು ನೆನೆಯುವವರು ಬಹಳ ಮಂದಿ. ಎಷ್ಟೋ ವರ್ಷಗಳ ಚಿಂತನೆಯನ್ನು ಒಂದು ಶಬ್ದ ನುಂಗಿಹಾಕಿತು.

ಹಾಗಾದರೆ ಎಲ್ಲರೂ ಮೃದುವಾಗಿ ಮಾತಾಡಿದರೆ ಸಾಕೆ? ಸಾಲದು. ಸೌಜನ್ಯವೆಂಬುದಕ್ಕೂ ಎರಡು ಅಲಗುಗಳಿವೆ. ಈ ಆಟದಲ್ಲಿ ಮನುಷ್ಯರಲ್ಲದೆ ಕುಳ್ಳರು, ರಕ್ಕಸರು ಮುಂತಾದ ಜನಾಂಗಗಳೂ ಇವೆ. ಅವುಗಳಲ್ಲಿ ಕೆಲವನ್ನು ಹುಟ್ಟಿನಿಂದಲೇ ದುಷ್ಟರೆಂದು ಪುಸ್ತಕಗಳು ವರ್ಣಿಸುತ್ತಿದ್ದುವು. ಇಂಥ ವರ್ಣನೆಗಳು ತಮ್ಮ ಹಿರಿಯರನ್ನು ಕುರಿತು ಬಿಳಿಯರು ಆಡುತ್ತಿದ್ದ ಮಾತುಗಳನ್ನು ಹೋಲುತ್ತವೆಂದು ಕೆಲವು ಆಟಗಾರರು ಹೇಳಿದರು. ಅವರಿಗೆ ಸಿಕ್ಕ ಉತ್ತರಗಳಲ್ಲಿ ಬಹು ಸಭ್ಯವಾದುದೊಂದಿತ್ತು: 'ಇದು ಆಟ, ಶಾಂತವಾಗಿರಿ, ರಾಜಕೀಯ ಬೇಡ.' ಧ್ವನಿ ಏರಿಸದೆಯೇ ಬಾಗಿಲು ಹಾಕುವ ವಿಧಾನ ಇದು. ನೊಂದವನಿಂದ ಮಾತ್ರ ಸೌಜನ್ಯವನ್ನು ಬೇಡುವುದು ಸೌಜನ್ಯವಾಗದು. ಕೊನೆಗೆ 2020ರಲ್ಲಿ ಪ್ರಕಾಶಕರು ಇಂಥ ವರ್ಣನೆಗಳನ್ನು ತಿದ್ದುವುದಾಗಿ ಸಾರಿದರು. 2022ರ ಡಿಸೆಂಬರಿನಲ್ಲಿ ಜನಾಂಗವೆಂಬರ್ಥದ ಶಬ್ದವನ್ನು ಬಿಟ್ಟು ಜೀವಜಾತಿಯೆಂಬರ್ಥದ ಶಬ್ದವನ್ನು ಬಳಸುವುದಾಗಿ ಪ್ರಕಟಿಸಿದರು. 2024ರ ಪುಸ್ತಕದಲ್ಲಿ ಹಾಗೆಯೇ ಅಚ್ಚಾಯಿತು. ಬದಲಾವಣೆಯನ್ನು ಬಯಸಿದವರನ್ನು ಮುಟ್ಟಿದರೆ ಕರಗುವ 'ಹಿಮದ ಎಸಳು' ಎಂದು ಒಂದು ಪಕ್ಷ ಹಂಗಿಸಿತು; ಬೇಡವೆಂದವರೆಲ್ಲರನ್ನೂ 'ಬಾಗಿಲು ಕಾಯುವವರು' ಎಂದು ಇನ್ನೊಂದು ಪಕ್ಷ ಹಳಿಯಿತು. ಹಳೆಯ ಪುಸ್ತಕದೊಡನೆ ಬಾಲ್ಯದ ನೆನಪುಗಳನ್ನು ಬೆಸೆದುಕೊಂಡವನ ಸಂಕಟವನ್ನಾಗಲಿ, ಆ ಪುಸ್ತಕದಲ್ಲಿ ತನ್ನ ಮುಖವನ್ನು ವಿಕಾರವಾಗಿ ಕಂಡವನ ಸಂಕಟವನ್ನಾಗಲಿ ಈ ಎರಡು ಹೆಸರುಗಳೂ ತಿಳಿಸಲಾರವು. ಎರಡು ಸಂಕಟಗಳು ಸಮತೂಕದವಲ್ಲ. ಆದರೆ ತೂಗಬೇಕಾದರೂ ಮೊದಲು ಎರಡನ್ನೂ ಕೇಳಬೇಕಷ್ಟೆ.

ಕೇಳುವುದಕ್ಕೆ ಉಪಾಯಗಳಿಲ್ಲದೆ ಇಲ್ಲ. ಅವನ್ನು ಈ ಆಟದವರೇ ಕಂಡುಕೊಂಡಿದ್ದಾರೆ. ಲೀ ಗೋಲ್ಡ್ ಎಂಬ ಮಹಿಳೆ 1975ರಲ್ಲಿ ಲಾಸ್ ಏಂಜಲೀಸಿನಿಂದ ಹೊರಡಿಸಿದ 'ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್' ಎಂಬ ಪತ್ರಿಕೆ 2025ರ ವರೆಗೆ ನಡೆಯಿತು. ಆಟಗಾರರು ತಮ್ಮ ತಮ್ಮ ಪುಟಗಳನ್ನು ಬರೆದು ಕಳುಹಿಸುವರು. ಅವನ್ನೆಲ್ಲ ಒಂದಾಗಿ ಹೊಲಿದು ತಿಂಗಳಿಗೊಮ್ಮೆ ಎಲ್ಲರಿಗೂ ಹಂಚುವುದು. ಒಬ್ಬನ ಮಾತಿಗೆ ಇನ್ನೊಬ್ಬನು ಉತ್ತರಿಸಬೇಕಾದರೆ ಮುಂದಿನ ಸಂಚಿಕೆಯ ವರೆಗೆ ಕಾಯಬೇಕು. ಅಷ್ಟರಲ್ಲಿ ಸಿಟ್ಟಿನ ಕಾವು ಎಷ್ಟೋ ಆರಿರುತ್ತದೆ. ಆಟವನ್ನು ಆರಂಭಿಸುವ ಮೊದಲೇ ಒಂದು ದಿನ ಕುಳಿತು, ಯಾರಿಗೆ ಏನು ಬೇಕು, ಏನು ಬೇಡವೆಂದು ಮಾತಾಡಿಕೊಳ್ಳುವ ಪದ್ಧತಿ ಈಚೆಗೆ ಹರಡಿದೆ. ಜಾನ್ ಸ್ಟಾವ್ರೊಪೌಲೋಸ್ ಎಂಬವರು 2013ರಲ್ಲಿ ಸೂಚಿಸಿದ ಉಪಾಯ ಇನ್ನೂ ಸರಳ. ಗುಣಿಸುವ ಚಿಹ್ನೆಯನ್ನು ಬರೆದ ಒಂದು ಚೀಟಿಯನ್ನು ಮೇಜಿನ ನಡುವೆ ಇಡುವುದು. ಕಥೆಯಲ್ಲಿ ಏನಾದರೂ ಸಹಿಸಲಾಗದಂತೆ ಬಂದರೆ ಯಾರಾದರೂ ಆ ಚೀಟಿಯನ್ನು ಮುಟ್ಟಬಹುದು, ಕಾರಣ ಹೇಳಬೇಕಾಗಿಲ್ಲ, ಆ ಭಾಗವನ್ನು ಕೈಬಿಟ್ಟು ಆಟ ಮುಂದುವರಿಯುತ್ತದೆ. ಸಂಕೋಚದವನಿಗೆ ಮಾತಿಲ್ಲದೆಯೇ ಒಂದು ಮಾತು ದೊರಕಿತು.

ಚರ್ಚೆಗೂ ಇಂಥದೊಂದು ಸರಳ ನಿಯಮವನ್ನು ವ್ಯಾಕರಣದಿಂದ ಪಡೆಯಬಹುದು. ಅಡ್ಡಹೆಸರುಗಳೆಲ್ಲವೂ ನಾಮಪದಗಳು. ಹೇಳಬೇಕೆಂದಿರುವುದನ್ನು ಕ್ರಿಯಾಪದದಿಂದ ಹೇಳಿ ನೋಡಬೇಕು. 'ನೀನು ಮಂಚ್‌ಕಿನ್' ಎಂಬುದಕ್ಕೆ 'ಅಲ್ಲ' ಎಂದಲ್ಲದೆ ಬೇರೆ ಉತ್ತರವಿಲ್ಲ. 'ಪ್ರತಿಯೊಂದು ಯುದ್ಧವನ್ನೂ ನೀನೊಬ್ಬನೇ ಮುಗಿಸಿಬಿಡುತ್ತೀಯೆ, ನಮಗೆ ಸರದಿಯೇ ಬರುವುದಿಲ್ಲ' ಎಂಬುದಕ್ಕೆ ಉತ್ತರವಿದೆ. ಅವನು ಒಪ್ಪಬಹುದು, ಕಾರಣ ಹೇಳಬಹುದು, ನಾಳೆ ಬೇರೆ ರೀತಿ ಆಡಬಹುದು. ಕ್ರಿಯೆ ಬದಲಾಗಬಲ್ಲದು, ಹಣೆಗೆ ಅಂಟಿಸಿದ ಹೆಸರು ಬದಲಾಗದು. ಈ ವ್ಯಾಕರಣ ಆಟದವರಿಗಷ್ಟೇ ಬೇಕಾದುದಲ್ಲ. ಮಗನನ್ನು ಸೋಮಾರಿ ಎನ್ನುವ ತಂದೆಯೂ, ಸೊಸೆಯನ್ನು ಹಟಮಾರಿ ಎನ್ನುವ ಅತ್ತೆಯೂ, ಅತ್ತೆಯನ್ನು ಹಳೆಯ ಕಾಲದವರು ಎಂದು ತಳ್ಳಿಹಾಕುವ ಸೊಸೆಯೂ ಒಮ್ಮೆ ಪ್ರಯೋಗಿಸಿ ನೋಡಬಹುದು.

ಆ ಆಟದಲ್ಲಿ ಸೂತ್ರಧಾರನು ಸನ್ನಿವೇಶವನ್ನು ವರ್ಣಿಸಿದ ಮೇಲೆ ಆಟಗಾರರ ಕಡೆಗೆ ತಿರುಗಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾನೆ: 'ಈಗ ನೀವು ಏನು ಮಾಡುತ್ತೀರಿ?' ನೀವು ಎಂಥವರು ಎಂದು ಅವನು ಕೇಳುವುದಿಲ್ಲ. ಆಡುವಾಗ ಐವತ್ತು ವರ್ಷಗಳಿಂದ ಪಾಲಿಸಿಕೊಂಡು ಬಂದ ಈ ಮರ್ಯಾದೆಯನ್ನು ಆಟದ ಬಗ್ಗೆ ವಾದಿಸುವಾಗಲೂ ಪಾಲಿಸಿದರೆ, ಮುಂದಿನ ಶನಿವಾರ ಆ ತರುಣನ ಕುರ್ಚಿ ಖಾಲಿಯಾಗಿರಬೇಕಾಗಿಲ್ಲ.